ವಿರೋಧವೆಲ್ಲ ದ್ವೇಷವೆ?

ಕಳೆದ ರಾಜ್ಯೋತ್ಸವ ಮುಗಿದ ಮರುವಾರ ವಿಜಯವಾಡದಲ್ಲಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆ ಸೇರಿತ್ತು. ಲೆಕ್ಕಪತ್ರ ಒಪ್ಪಿಸಿ, ಉಳಿದ ಮೈಸೂರುಪಾಕು ಹಂಚಿ ಮನೆಗೆ ಹೋಗುವುದಷ್ಟೇ ಬಾಕಿಯಿದ್ದಾಗ ಸದಸ್ಯರೊಬ್ಬರು ಎದ್ದು ನಿಂತರು. ರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ತೆಲುಗು ಹಿರಿಯರೊಬ್ಬರು ಎರಡು ಲಿಪಿಗಳ ಸಾಮ್ಯವನ್ನೂ ಕೃಷ್ಣದೇವರಾಯನನ್ನೂ ಮನಸಾರೆ ಹೊಗಳಿ, ಕೊನೆಗೆ ಒಂದು ಮಾತು ಸೇರಿಸಿದ್ದರು: ‘ಕೃಷ್ಣೆಯ ನೀರಿನ ವಿಷಯದಲ್ಲಿ ಕರ್ನಾಟಕ ಸರ್ಕಾರ ಕೆಳಗಿನ ರೈತನ ಕಡೆಗೆ ಇನ್ನಷ್ಟು ನೋಡಬೇಕಿತ್ತು.’ ಅಂದು ಚಪ್ಪಾಳೆಯ ನಡುವೆ ಮುಳುಗಿಹೋದ ಆ ಮಾತು ಈಗ ಮೇಲೆದ್ದಿತು. ‘ನಮ್ಮ ವೇದಿಕೆಗೆ ಬಂದು, ನಮ್ಮ ಹೋಳಿಗೆ ಉಂಡು, ನಮ್ಮನ್ನೇ ಬೈದು ಹೋದರಲ್ಲ! ಇನ್ನು ಮುಂದೆ ಕನ್ನಡ ವಿರೋಧಿಗಳನ್ನು ವೇದಿಕೆಗೆ ಕರೆಯಕೂಡದೆಂದು ನಿರ್ಣಯ ಮಾಡಿ’ ಎಂದರು. ಹಲವರು ಮೇಜು ಕುಟ್ಟಿದರು. ಆಗ ಮೂಲೆಯಿಂದ ಯಾರೋ, ‘ಕನ್ನಡ ವಿರೋಧಿ ಎಂದರೆ ಯಾರು?’ ಎಂದು ಕೇಳಿಬಿಟ್ಟರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಿಯಮಾವಳಿಗಳೊಂದಿಗೆ ಸಂಸಾರ ಮಾಡಿದವನೆಂಬ ಕಾರಣಕ್ಕೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ‘ನೀವೇ ಒಂದು ವ್ಯಾಖ್ಯೆ ಬರೆದು ತನ್ನಿ ಸ್ವಾಮಿ, ಮುಂದಿನ ಸಭೆಯಲ್ಲಿ ಅಂಗೀಕರಿಸೋಣ’ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು.

ಸುಲಭದ ಕೆಲಸವೆಂದು ಒಪ್ಪಿಕೊಂಡು ಬಂದೆ. ಬರೆಯಲು ಕುಳಿತಾಗಲೇ ಅದರ ಕಷ್ಟ ತಿಳಿದದ್ದು. ಇದೇ ಇಕ್ಕಟ್ಟಿನಲ್ಲಿ ನಮಗಿಂತ ಬಹಳ ದೊಡ್ಡವರು, ಬಹಳ ದೊಡ್ಡ ದುಃಖದ ವಿಷಯದಲ್ಲಿ, ಇಪ್ಪತ್ತು ವರ್ಷಗಳಿಂದ ಸಿಕ್ಕಿಕೊಂಡಿದ್ದಾರೆಂಬುದೂ ಆಮೇಲೆ ತಿಳಿಯಿತು. ಅದನ್ನು ಓದುಗರೊಂದಿಗೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ಮೊದಲು ವ್ಯಾಖ್ಯೆ ಎಂಬುದರ ಬಗ್ಗೆಯೇ ಎರಡು ಮಾತು. ನಾನು ಬಿ.ಎಸ್‌ಸಿ. ಓದುವಾಗ ಭೌತಶಾಸ್ತ್ರದ ಮೇಷ್ಟ್ರು ‘ಕೆಲಸ’ ಎಂದರೇನೆಂದು ಹೇಳಿಕೊಟ್ಟಿದ್ದರು. ಬಲ ಬಿದ್ದ ದಿಕ್ಕಿನಲ್ಲಿ ವಸ್ತು ಸರಿದರೆ ಮಾತ್ರ ಕೆಲಸ. ಹಾಗಾದರೆ ತಲೆಯ ಮೇಲೆ ಒಂದು ಮೂಟೆ ಹೊತ್ತು ಒಂದೇ ಕಡೆ ಒಂದು ಗಂಟೆ ನಿಂತ ಹಮಾಲಿ ಮಾಡಿದ ಕೆಲಸ ಸೊನ್ನೆ. ಲೆಕ್ಕಕ್ಕೆ ಈ ವ್ಯಾಖ್ಯೆ ಸರಿಯಾದದ್ದೇ. ಆದರೆ ಇದನ್ನು ಹಿಡಿದುಕೊಂಡು ವಿಶಾಖಪಟ್ಟಣದ ಬಂದರಿನಲ್ಲಿ ಹಮಾಲಿಗೆ ಕೂಲಿ ಕೊಡುವುದಿಲ್ಲವೆಂದು ಯಾರಾದರೂ ಹೇಳಿದರೆ ಅದು ವಿಜ್ಞಾನವಲ್ಲ, ಅನ್ಯಾಯ. ನಮ್ಮ ಕಚೇರಿಯಲ್ಲಿಯೂ ಹಾಗೆಯೇ. ‘ಕುಟುಂಬ’ ಎಂಬ ಪದಕ್ಕೆ ಪಿಂಚಣಿ ನಿಯಮದಲ್ಲಿ ಒಂದು ಅರ್ಥ, ವೈದ್ಯಕೀಯ ವೆಚ್ಚದ ನಿಯಮದಲ್ಲಿ ಇನ್ನೊಂದು ಅರ್ಥ. ರಜಾ ಪ್ರವಾಸದ ಸವಲತ್ತಿಗಾಗಿ ‘ಸ್ವಂತ ಊರು’ ಯಾವುದೆಂದು ಒಮ್ಮೆ ಬರೆದುಕೊಟ್ಟರೆ ಇಡೀ ಸೇವಾವಧಿಯಲ್ಲಿ ಒಂದೇ ಒಂದು ಬಾರಿ ಬದಲಿಸಬಹುದು. ನಾನು ಬಾಗಲಕೋಟೆ ಎಂದು ಬರೆದುಕೊಟ್ಟಿದ್ದೇನೆ. ರೈಲು ಭಾಡೆಯ ಲೆಕ್ಕಕ್ಕೆ ಅದು ಸಾಕು. ನನ್ನ ಮನಸ್ಸಿನ ಊರು ಯಾವುದೆಂದು ಆ ನಮೂನೆಯಿಂದ ತೀರ್ಮಾನಿಸಲಾಗದು. ವ್ಯಾಖ್ಯೆ ಒಂದು ಕೆಲಸಕ್ಕಾಗಿ ಮಾಡಿಕೊಂಡ ಉಪಕರಣ. ತೂಕದ ಬಟ್ಟನ್ನು ಎತ್ತಿ ಹೊಡೆಯಲು ಬಳಸಿದರೆ ಅದು ತೂಗುವುದಿಲ್ಲ, ಗಾಯ ಮಾಡುತ್ತದೆ.

ಈಗ ದೊಡ್ಡವರ ಕಥೆಗೆ ಬರೋಣ. ಯೆಹೂದಿ ದ್ವೇಷಕ್ಕೆ ಯುರೋಪಿನಲ್ಲಿ ‘ಆ್ಯಂಟಿಸೆಮಿಟಿಸಂ’ ಎಂಬ ಹೆಸರಿದೆ. 1879ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಮಾರ್ ಎಂಬಾತ ತನ್ನ ಯೆಹೂದಿ ವಿರೋಧಕ್ಕೆ ಶಾಸ್ತ್ರೀಯವಾಗಿ ಕೇಳಿಸುವ ಹೆಸರಿರಲೆಂದು ಇದನ್ನು ಪ್ರಚಾರಕ್ಕೆ ತಂದ. ಸೆಮಿಟಿಕ್ ಎಂಬುದು ಹೀಬ್ರೂ, ಅರಬ್ಬಿ ಮೊದಲಾದ ಭಾಷೆಗಳ ಕುಟುಂಬದ ಹೆಸರು. ನಮ್ಮ ದ್ರಾವಿಡ ಎಂಬಂತೆ. ಅಂದರೆ ಹುಟ್ಟುವಾಗಲೇ ಪದ ತಪ್ಪು. ಆದರೆ ಅದು ಹೆಸರಿಸಿದ ದ್ವೇಷ ತಪ್ಪಲ್ಲ, ನಿಜ. ಆ ದ್ವೇಷ ಎರಡನೆಯ ಮಹಾಯುದ್ಧದಲ್ಲಿ ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದಿತು. ಅಲ್ಲಿಗೂ ಅದು ಮುಗಿಯಲಿಲ್ಲ. 2018ರ ಅಕ್ಟೋಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಪ್ರಾರ್ಥನಾ ಮಂದಿರದಲ್ಲಿ 11 ಮಂದಿಯನ್ನು ಒಬ್ಬ ಗುಂಡಿಕ್ಕಿ ಕೊಂದ. ದೂರದ ಮಾತೇಕೆ? 2008ರ ನವೆಂಬರ್ 26ರಂದು ಮುಂಬಯಿಗೆ ನುಗ್ಗಿದ ಭಯೋತ್ಪಾದಕರು ತಾಜ್ ಹೋಟೆಲಿನ ಜೊತೆಗೆ ಕೊಲಾಬಾದ ಗಲ್ಲಿಯೊಳಗಿದ್ದ ನಾರಿಮನ್ ಹೌಸನ್ನು ಹುಡುಕಿಕೊಂಡು ಹೋದರು. ಯುವ ರಬ್ಬಿ ದಂಪತಿಗಳೂ ಅವರ ಅತಿಥಿಗಳೂ ಹತರಾದರು. ಅವರ ಎರಡು ವರ್ಷದ ಮಗುವನ್ನು ಎದೆಗವಚಿಕೊಂಡು ಹೊರಗೆ ತಂದವಳು ಆ ಮನೆಯ ಭಾರತೀಯ ದಾದಿ. ಅಲ್ಲಿ ಸತ್ತವರು ಯಾವ ಸರ್ಕಾರವನ್ನೂ ನಡೆಸುತ್ತಿರಲಿಲ್ಲ. ಅವರು ಯೆಹೂದಿಗಳಾಗಿದ್ದರು, ಅಷ್ಟೇ.

ಇಂಥ ದ್ವೇಷವನ್ನು ಗುರುತಿಸಿ ಲೆಕ್ಕವಿಡಬೇಕಾದರೆ ಒಂದು ಅಳತೆ ಬೇಕಲ್ಲವೆ? ಆ ಉದ್ದೇಶದಿಂದ 2005ರಲ್ಲಿ ಯುರೋಪಿನ ಒಂದು ನಿಗಾ ಸಂಸ್ಥೆ ಒಂದು ‘ಕೆಲಸದ ಮಟ್ಟಿಗಿನ’ ವ್ಯಾಖ್ಯೆಯನ್ನು ಪ್ರಕಟಿಸಿತು. ಅದರ ಕರಡಿನಲ್ಲಿ ಮುಖ್ಯ ಕೈ ಕೆನೆತ್ ಸ್ಟರ್ನ್ ಎಂಬ ಅಮೆರಿಕದ ಯೆಹೂದಿ ವಕೀಲರದು. ಬೇರೆ ಬೇರೆ ದೇಶಗಳಲ್ಲಿ ಅಂಕಿಸಂಖ್ಯೆ ಕೂಡಿಸುವವರು ಒಂದೇ ಮಾನದಂಡ ಬಳಸಲಿ ಎಂಬುದು ಅದರ ಹಿಂದಿನ ಆಶಯ. 2016ರ ಮೇ ತಿಂಗಳಲ್ಲಿ ಹತ್ಯಾಕಾಂಡದ ಸ್ಮರಣೆಗಾಗಿ ಇರುವ ಅಂತರರಾಷ್ಟ್ರೀಯ ಒಕ್ಕೂಟ ಅದನ್ನೇ ಅಲ್ಪಸ್ವಲ್ಪ ತಿದ್ದಿ ಬುಖಾರೆಸ್ಟ್ ನಗರದಲ್ಲಿ ಅಂಗೀಕರಿಸಿತು. ಕಾನೂನಿನ ಬಂಧನವಿಲ್ಲದ್ದು ಎಂದು ಅದರ ತಲೆಯ ಮೇಲೆಯೇ ಬರೆದಿದೆ. ಮೂಲ ವ್ಯಾಖ್ಯೆ ಎರಡೇ ವಾಕ್ಯ. ಜೊತೆಗೆ 11 ಉದಾಹರಣೆಗಳು. ಜಗಳವಿರುವುದು ಉದಾಹರಣೆಗಳಲ್ಲಿ. ಅವುಗಳಲ್ಲಿ ಏಳು ಇಸ್ರೇಲಿಗೆ ಸಂಬಂಧಿಸಿದವು. ಇತರ ದೇಶಗಳನ್ನು ಟೀಕಿಸುವಂತೆ ಇಸ್ರೇಲನ್ನು ಟೀಕಿಸುವುದು ದ್ವೇಷವಾಗದೆಂದು ಅದರಲ್ಲಿಯೇ ಹೇಳಿದೆ. ಆದರೆ ಇಸ್ರೇಲಿನ ಅಸ್ತಿತ್ವವೇ ಒಂದು ಜನಾಂಗಭೇದದ ಉದ್ಯಮವೆನ್ನುವುದು, ಬೇರೆ ಪ್ರಜಾಪ್ರಭುತ್ವಗಳಿಂದ ಕೇಳದ್ದನ್ನು ಅದೊಂದರಿಂದಲೇ ಕೇಳುವುದು, ಅದರ ನಡೆಯನ್ನು ನಾತ್ಸಿಗಳಿಗೆ ಹೋಲಿಸುವುದು, ಇವು ಸಂದರ್ಭ ನೋಡಿಕೊಂಡು ಯೆಹೂದಿ ದ್ವೇಷ ಎನಿಸಬಹುದು ಎಂದೂ ಹೇಳಿದೆ.

ಇದರ ಪರವಾಗಿ ಹೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದ್ವೇಷ ಯಾವಾಗಲೂ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಮರ್ಯಾದೆಯ ವೇಷ ತೊಟ್ಟು ಬರುತ್ತದೆ. ಮೊನ್ನೆಯವರೆಗೆ ‘ಯೆಹೂದಿ’ ಎಂದು ಬೈಯುತ್ತಿದ್ದವನು ಇಂದು ಅದೇ ಬೈಗುಳದಲ್ಲಿ ಪದವೊಂದನ್ನು ಬದಲಿಸಿ ‘ಜಿಯೋನಿಸ್ಟ್’ ಎಂದರೆ ಅದು ರಾಜಕೀಯ ಟೀಕೆಯಾಗಿಬಿಡುತ್ತದೆಯೆ? ಇಂಗ್ಲೆಂಡಿನ ಲೇಬರ್ ಪಕ್ಷದಲ್ಲಿ 2018ರ ಬೇಸಗೆಯೆಲ್ಲ ಈ ಉದಾಹರಣೆಗಳನ್ನು ಒಪ್ಪಬೇಕೆ ಬೇಡವೆ ಎಂಬ ಕಾದಾಟವೇ ನಡೆದು, ಸೆಪ್ಟೆಂಬರಿನಲ್ಲಿ ಎಲ್ಲ 11ನ್ನೂ ಒಪ್ಪಿದರು. 2020ರ ಅಕ್ಟೋಬರಿನಲ್ಲಿ ಅಲ್ಲಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ ತನಿಖೆ ಮಾಡಿ, ಯೆಹೂದಿ ಸದಸ್ಯರಿಗೆ ಕಾನೂನುಬಾಹಿರ ಕಿರುಕುಳವಾದದ್ದು ನಿಜವೆಂದು ವರದಿ ಕೊಟ್ಟಿತು. ಎಲ್ಲವೂ ಕಟ್ಟುಕಥೆ ಎಂದು ವಾದಿಸಿದವರಿಗೆ ಅದೊಂದು ಪಾಠ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. 2019ರ ಮೇ ತಿಂಗಳಲ್ಲಿ ಜರ್ಮನಿಯ ಪಾರ್ಲಿಮೆಂಟು ಇಸ್ರೇಲಿನ ಮೇಲಿನ ಬಹಿಷ್ಕಾರ ಚಳವಳಿಯನ್ನು ಯೆಹೂದಿ ದ್ವೇಷದ್ದೆಂದು ಖಂಡಿಸಿ ನಿರ್ಣಯ ಮಾಡಿತು. ಅದನ್ನು ವಿರೋಧಿಸಿ 240 ಮಂದಿ ಯೆಹೂದಿ ಮತ್ತು ಇಸ್ರೇಲಿ ವಿದ್ವಾಂಸರೇ ಪತ್ರ ಬರೆದರು. ಆ ಪತ್ರದ ಸುದ್ದಿಯನ್ನು ಓದಲು ಯೋಗ್ಯವೆಂದು ಬರ್ಲಿನ್ನಿನ ಯೆಹೂದಿ ವಸ್ತುಸಂಗ್ರಹಾಲಯ ಎರಡು ಸಾಲು ಪ್ರಕಟಿಸಿದ್ದೇ ತಪ್ಪಾಯಿತು. ಅದರ ನಿರ್ದೇಶಕ, ಯೆಹೂದಿ ಶಾಸ್ತ್ರಗಳ ಅಧ್ಯಯನದಲ್ಲಿ ಜೀವ ಸವೆಸಿದ ಪೀಟರ್ ಶೇಫರ್, ಜೂನಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಅಮೆರಿಕದಲ್ಲಿ 2019ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಆಜ್ಞೆ ಹೊರಡಿಸಿ, ವಿಶ್ವವಿದ್ಯಾಲಯಗಳ ಮೇಲಿನ ದೂರುಗಳನ್ನು ವಿಚಾರಿಸುವಾಗ ಈ ವ್ಯಾಖ್ಯೆಯನ್ನು ಗಮನಿಸಬೇಕೆಂದರು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಕ್ಯಾಂಪಸ್ಸುಗಳಲ್ಲಿ ಪ್ರತಿಭಟನೆಗಳು ಎದ್ದವು. ಕೆಲವೆಡೆ ಯೆಹೂದಿ ವಿದ್ಯಾರ್ಥಿಗಳು ನಿಜವಾಗಿಯೂ ಅಂಜಿ ಓಡಾಡುವಂತಾಯಿತು. ಕೆಲವೆಡೆ ಸತ್ತ ಮಕ್ಕಳ ಹೆಸರು ಓದಿದವರಿಗೂ ದ್ವೇಷಿ ಎಂಬ ಪಟ್ಟ ಬಂತು. 2024ರ ಮೇ 1ರಂದು ಅಲ್ಲಿನ ಕೆಳಮನೆ ಈ ವ್ಯಾಖ್ಯೆಯನ್ನು ಶಾಸನದೊಳಗೆ ಸೇರಿಸುವ ಮಸೂದೆಯನ್ನು 320ಕ್ಕೆ 91 ಮತಗಳಿಂದ ಒಪ್ಪಿತು. ಮೇಲ್ಮನೆಯಲ್ಲಿ ಅದು ಪಾಸಾಗಲಿಲ್ಲ. 2025ರಲ್ಲಿ ಸರ್ಕಾರ ಇದೇ ಆರೋಪದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ 40 ಕೋಟಿ ಡಾಲರ್ ಅನುದಾನವನ್ನು ತಡೆಹಿಡಿಯಿತು.

ಇಲ್ಲಿ ನನ್ನಂಥ ಗುಮಾಸ್ತನ ಮನಸ್ಸಿಗೆ ನಾಟಿದ್ದು ಕೆನೆತ್ ಸ್ಟರ್ನರ ನಿಲುವು. ಕರಡು ಬರೆದವರೇ 2017ರಲ್ಲಿ ಅಮೆರಿಕದ ಕಾಂಗ್ರೆಸ್ ಸಮಿತಿಯ ಮುಂದೆ ಹೋಗಿ, ಇದನ್ನು ಕ್ಯಾಂಪಸ್ಸಿನಲ್ಲಿ ಮಾತಿನ ಮೇಲೆ ಪೊಲೀಸಿಕೆ ನಡೆಸಲು ಬಳಸಬೇಡಿ ಎಂದರು. ಎಣಿಸುವುದಕ್ಕೆ ಮಾಡಿದ ನಮೂನೆಯನ್ನು ಶಿಕ್ಷೆಗೆ ಬಳಸಿದರೆ ಏನಾಗುತ್ತದೆಂದು ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಣಿಕೆಯಲ್ಲಿ ಸಂಶಯವಿದ್ದರೆ ಒಂದು ಗುರುತು ಹೆಚ್ಚಾಗಿ ಹಾಕಿದರೆ ನಷ್ಟವಿಲ್ಲ. ಶಿಕ್ಷೆಯಲ್ಲಿ ಸಂಶಯವಿದ್ದರೆ ಬಿಟ್ಟುಬಿಡಬೇಕು. ಎರಡರ ಧರ್ಮವೇ ಬೇರೆ. 2021ರ ಮಾರ್ಚಿನಲ್ಲಿ ಸುಮಾರು 200 ವಿದ್ವಾಂಸರು ಜೆರುಸಲೇಮ್ ಘೋಷಣೆ ಎಂಬ ಇನ್ನೊಂದು ವ್ಯಾಖ್ಯೆ ಮಾಡಿದರು; ಯೆಹೂದಿಗಳನ್ನು ಯೆಹೂದಿಗಳೆಂಬ ಕಾರಣಕ್ಕೆ ತಾರತಮ್ಯ, ಹಗೆ, ಹಿಂಸೆಗೆ ಗುರಿಮಾಡುವುದೇ ಯೆಹೂದಿ ದ್ವೇಷ ಎಂಬುದು ಅದರ ತಿರುಳು. ಈ ಎರಡು ವ್ಯಾಖ್ಯೆಗಳಿಗೆ ಎಷ್ಟೇ ಜಗಳವಿರಲಿ, ಒಂದು ಮಾತಿನಲ್ಲಿ ಎರಡೂ ಒಂದೇ. ಇಸ್ರೇಲ್ ಸರ್ಕಾರ ಮಾಡಿದ್ದಕ್ಕೆ ಎಲ್ಲೋ ಇರುವ ಯೆಹೂದಿಯನ್ನು ಹೊಣೆಮಾಡುವುದು ದ್ವೇಷವೆಂದು ಎರಡೂ ಹೇಳುತ್ತವೆ. ಈ ಒಂದು ಎಳೆಯನ್ನು ಓದುಗರು ಕೈಯಲ್ಲಿ ಹಿಡಿದುಕೊಂಡಿರಬೇಕು. ಮುಂದೆ ನಮಗೆ ಬೇಕಾಗುತ್ತದೆ.

ಮತ ಎಣಿಸಿ ವ್ಯಾಖ್ಯೆ ಮಾಡುವ ಕೆಲಸದಲ್ಲಿ ನಮ್ಮ ದೇಶದ ಕೈಯೂ ಇದೆ. 1975ರ ನವೆಂಬರ್ 10ರಂದು ವಿಶ್ವಸಂಸ್ಥೆ ಜಿಯೋನಿಸಂ ಒಂದು ಬಗೆಯ ಜನಾಂಗಭೇದವೆಂದು 72ಕ್ಕೆ 35 ಮತಗಳಿಂದ ತೀರ್ಮಾನಿಸಿತು. ಭಾರತ ಪರವಾಗಿ ಮತ ಹಾಕಿತು. 1991ರ ಡಿಸೆಂಬರ್ 16ರಂದು ಅದೇ ಸಭೆ ಆ ತೀರ್ಮಾನವನ್ನು 111ಕ್ಕೆ 25 ಮತಗಳಿಂದ ರದ್ದುಮಾಡಿತು. ಭಾರತ ಅದಕ್ಕೂ ಪರವಾಗಿ ಮತ ಹಾಕಿತು. ಮುಂದಿನ ತಿಂಗಳೇ ಇಸ್ರೇಲಿನೊಂದಿಗೆ ಪೂರ್ಣ ರಾಯಭಾರ ಸಂಬಂಧ ಏರ್ಪಟ್ಟಿತು. ಹದಿನಾರು ವರ್ಷಗಳಲ್ಲಿ ಬದಲಾದದ್ದು ಸತ್ಯವೋ ಸಂದರ್ಭವೋ? ಕೈ ಎತ್ತಿ ಮಾಡಿದ ವ್ಯಾಖ್ಯೆಯನ್ನು ಕೈ ಎತ್ತಿಯೇ ಅಳಿಸಬಹುದು ಎಂಬುದಂತೂ ಇದರಿಂದ ಸ್ಪಷ್ಟ.

ನಾವಿರುವ ವಿಜಯವಾಡದಿಂದ ಒಂದೆರಡು ಗಂಟೆಯ ದಾರಿಯಲ್ಲಿ, ಗುಂಟೂರು ಜಿಲ್ಲೆಯ ಚೇಬ್ರೋಲು ಬಳಿ, ಕೊತ್ತರೆಡ್ಡಿಪಾಲೆಂ ಎಂಬ ಹಳ್ಳಿಯಿದೆ. ಅಲ್ಲಿ ತಮ್ಮನ್ನು ಬೆನೆ ಎಫ್ರಾಯಿಂ ಎಂದು ಕರೆದುಕೊಳ್ಳುವ ಕೆಲವು ಕುಟುಂಬಗಳು ಶನಿವಾರ ಸಬ್ಬತ್ ಆಚರಿಸಿ ಹೀಬ್ರೂ ಕಲಿಯುತ್ತವೆ. ಇವರು ಮಾದಿಗ ಸಮುದಾಯದಿಂದ ಬಂದವರು. ಹಿಂದಿನ ತಲೆಮಾರು ಕ್ರೈಸ್ತರಾಗಿತ್ತು. 1990ರ ದಶಕದ ಆರಂಭದಿಂದ ಬಹಿರಂಗವಾಗಿ ಯೆಹೂದಿ ಆಚಾರ ಹಿಡಿದಿದ್ದಾರೆ. ಯೂಲಿಯಾ ಎಗೊರೋವಾ ಮತ್ತು ಶಾಹಿದ್ ಪರ್ವೇಜ್ ಎಂಬ ವಿದ್ವಾಂಸರು ಇವರ ಮೇಲೆ 2013ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇವರನ್ನು ಇಸ್ರೇಲ್ ತನ್ನ ಮರಳುವ ಹಕ್ಕಿನ ಕಾನೂನಿನೊಳಗೆ ಸೇರಿಸಿಲ್ಲ. ಇಲ್ಲಿನ ಕಾಗದವೂ ಸರಳವಾಗಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ, 1956 ಮತ್ತು 1990ರ ತಿದ್ದುಪಡಿಗಳ ನಂತರವೂ, ಹಿಂದೂ, ಸಿಖ್, ಬೌದ್ಧ ಧರ್ಮಗಳನ್ನು ಬಿಟ್ಟು ಬೇರೆ ಧರ್ಮ ಬರೆಸಿದವರಿಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರವಿಲ್ಲ. ಇಸ್ರೇಲಿನಲ್ಲಿ ಯೆಹೂದಿಯಲ್ಲ, ಇಲ್ಲಿ ಯೆಹೂದಿ ಎಂದರೆ ಪರಿಶಿಷ್ಟನಲ್ಲ! ಮುಂಬಯಿ ಕಡೆಯ ಬೆನೆ ಇಸ್ರೇಲ್ ಜನಕ್ಕೂ ಇಂಥ ಅನುಭವವಾಗಿದೆ. ಅವರ ವಂಶಾವಳಿ ವಿಚಾರಿಸಿಯೇ ಮದುವೆ ಮಾಡಿಸಬೇಕೆಂದು 1962ರಲ್ಲಿ ಇಸ್ರೇಲಿನ ಧರ್ಮಾಧಿಕಾರಿಗಳು ಸೂಚನೆ ಹೊರಡಿಸಿದ್ದರು. ಅವರು ಪ್ರತಿಭಟಿಸಿದ ಮೇಲೆ, 1964ರಲ್ಲಿ, ಸಮಾನ ಯೆಹೂದಿಗಳೆಂಬ ಮಾನ್ಯತೆ ದೊರೆಯಿತು. ವ್ಯಾಖ್ಯೆ ಬರೆಯುವವರು ಒಂದು ಕಡೆ, ಅದರ ಭಾರ ಹೊರುವವರು ಇನ್ನೊಂದು ಕಡೆ. ನನ್ನ ಮೇಜಿನ ಮೇಲೆ ಖಾಲಿ ಕಾಗದವಿದ್ದಾಗ ಇದು ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಹಾಗಾದರೆ ದ್ವೇಷಕ್ಕೆ ವ್ಯಾಖ್ಯೆಯೇ ಬೇಡವೆ? ಹಾಗೆನ್ನಲಾರೆ. 1985ರ ಜುಲೈ 17ರಂದು ಅಂದಿನ ಪ್ರಕಾಶಂ ಜಿಲ್ಲೆಯ ಕಾರಂಚೇಡಿನಲ್ಲಿ ಆರು ಮಂದಿ ಮಾದಿಗರನ್ನು ಅಟ್ಟಿಸಿಕೊಂಡು ಹೋಗಿ ಕೊಂದರು. ಅಂಥ ಘಟನೆಗಳ ಹಿನ್ನೆಲೆಯಲ್ಲಿ 1989ರ ದೌರ್ಜನ್ಯ ತಡೆ ಕಾಯಿದೆ ಬಂತು. ಆಮೇಲೂ, 1991ರ ಆಗಸ್ಟ್ 6ರಂದು, ತೆನಾಲಿ ಹತ್ತಿರದ ಚುಂಡೂರಿನಲ್ಲಿ ಎಂಟು ಮಂದಿ ದಲಿತರ ಕೊಲೆಯಾಯಿತು. ಕಾಯಿದೆಯಲ್ಲಿ ದೌರ್ಜನ್ಯವೆಂದರೆ ಏನೆಂದು ಒಂದೊಂದಾಗಿ ಪಟ್ಟಿ ಮಾಡಿದೆ. ಹಾಗೆ ಹೆಸರಿಡದಿದ್ದರೆ ಎಲ್ಲವೂ ‘ಊರ ಜಗಳ’ ಎಂಬ ಖಾತೆಗೆ ಜಮಾ ಆಗುತ್ತಿತ್ತು. ಈ ವ್ಯಾಖ್ಯೆಯೂ ವಾದಕ್ಕೆ ಒಳಗಾಗಿದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಬಂಧನಕ್ಕೆ ಮುನ್ನ ಹೊಸ ಷರತ್ತುಗಳನ್ನು ಹಾಕಿತು. ದೇಶದಾದ್ಯಂತ ಪ್ರತಿಭಟನೆಯಾಗಿ ಅದೇ ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಗೆ ತಿದ್ದುಪಡಿ ತಂದಿತು. 2020ರ ಫೆಬ್ರವರಿಯಲ್ಲಿ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಹಿತೇಶ್ ವರ್ಮ ಪ್ರಕರಣದಲ್ಲಿ, ಬೈಸಿಕೊಂಡವನು ಪರಿಶಿಷ್ಟ ಜಾತಿಯವನು ಎಂದಷ್ಟೇ ಸಾಲದು, ಆ ಜಾತಿಯವನೆಂಬ ಕಾರಣದಿಂದಲೇ ಅವಮಾನ ಮಾಡಿರಬೇಕು ಎಂದಿತು. ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಇಲ್ಲಿ ಒಂದು ಕ್ರಮವಿದೆ. ಆರೋಪಿಗೆ ಉತ್ತರ ಕೊಡಲು ಜಾಗವಿದೆ, ಸಾಕ್ಷ್ಯ ಕೇಳುವವರಿದ್ದಾರೆ, ಮೇಲ್ಮನವಿಯಿದೆ. ಪಟ್ಟ ಕಟ್ಟಿ ಬಾಗಿಲು ಹಾಕುವ ನಿರ್ಣಯಗಳಲ್ಲಿ ಈ ಮೂರೂ ಇರುವುದಿಲ್ಲ.

ಇನ್ನು ನನ್ನ ಸ್ವಂತದ ಎರಡು ಮಾತು ಹೇಳದೆ ಮುಂದೆ ಹೋದರೆ ಲೇಖನ ಬರಿಯ ಉಪದೇಶವಾದೀತು.

2016ರ ಸೆಪ್ಟೆಂಬರಿನಲ್ಲಿ ನಾನು ವಿಶಾಖಪಟ್ಟಣದಲ್ಲಿದ್ದೆ. ಕಾವೇರಿಯ ಗಲಾಟೆ. 12ನೆಯ ತಾರೀಕು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಯಿತು. ಬೆಳಗಿನ ಪೇಪರು ಓದಿ ಕಾವೇರಿದ್ದ ನಾನು, ಪಕ್ಕದ ಮೇಜಿನ ತಮಿಳು ಸಹೋದ್ಯೋಗಿಗೆ, ‘ನಿಮ್ಮವರಿಗೆ ಎಷ್ಟು ನೀರು ಕೊಟ್ಟರೂ ಸಾಲದಲ್ಲ ಸಾರ್’ ಎಂದುಬಿಟ್ಟೆ. ಅವರು ಕಡತದಿಂದ ತಲೆ ಎತ್ತಿ, ‘ನಾನು ಹುಟ್ಟಿದ್ದು ವಾಲ್ಟೇರಿನಲ್ಲಿ. ಮೆಟ್ಟೂರು ಅಣೆಕಟ್ಟನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ’ ಎಂದರು. ಮಧ್ಯಾಹ್ನ ಎಂದಿನಂತೆ ಡಬ್ಬಿಯಿಂದ ಪುಳಿಯೋಗರೆ ತೆಗೆದು ನನ್ನ ತಟ್ಟೆಗೂ ಹಾಕಿದರು. ಅದನ್ನು ನುಂಗುವುದು ನನಗೆ ಕಷ್ಟವಾಯಿತು. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂದ ಮರುದಿನದಿಂದ ಬೆಂಗಳೂರಿನಲ್ಲಿ ನಡೆದದ್ದೂ ಇದೇ ತಪ್ಪಿನ ದೊಡ್ಡ ರೂಪ. ನ್ಯಾಯಮಂಡಳಿಯ ಮೇಲಿನ ಸಿಟ್ಟನ್ನು ಕೂಲಿ ಮಾಡಿ ಬದುಕುತ್ತಿದ್ದ ತಮಿಳು ಸಂಸಾರಗಳ ಗುಡಿಸಲುಗಳ ಮೇಲೆ ತೀರಿಸಿಕೊಂಡರು. ಪರರಾಜ್ಯದಲ್ಲಿ ಬಾಳುವ ನಾವು ಇದನ್ನು ಮರೆಯಬಾರದು.

ಎರಡನೆಯದು ಕೃಷ್ಣೆಯದು. ವಿಜಯವಾಡದ ಸಿಂಗ್ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ದಿವಿಸೀಮೆಯ ಕಡೆಯವರು. ಕಾಲುವೆಯ ಕಟ್ಟಕಡೆಯಲ್ಲಿ ಅವರಿಗೆ ನಾಲ್ಕು ಎಕರೆ ಗದ್ದೆ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣೆಗೆ ನೀರೇ ಬರದಿದ್ದಾಗ, ಒಂದು ಸಂಜೆ ಅವರು ನನ್ನನ್ನು ನೋಡಿ, ‘ಮೀ ವಾಳ್ಳು ನೀಳ್ಳು ಆಪೇಶಾರು’ ಎಂದರು, ನಿಮ್ಮವರು ನೀರು ನಿಲ್ಲಿಸಿಬಿಟ್ಟರು ಎಂದು. ನನಗೆ ಮೈ ಉರಿಯಿತು. ‘ಬಾಬಾಯಿಗಾರು, ಆಲಮಟ್ಟಿಯ ಹಿನ್ನೀರಿನಲ್ಲಿ ನಮ್ಮ ಹಳೆ ಬಾಗಲಕೋಟೆ ಮುಳುಗಿದೆ. ನನ್ನ ಸೋದರಮಾವ ಹುಟ್ಟಿದ ಮನೆಯ ಮೇಲೆ ಈಗ ನೀರು ನಿಂತಿದೆ. ನೀರು ನಿಲ್ಲಿಸಿದವರು ನಾವಲ್ಲ, ನಮ್ಮ ಮನೆಯನ್ನೇ ಕೊಟ್ಟವರು’ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿನ್ನನ್ನು ಅಂದದ್ದಲ್ಲ ನಾಯನಾ, ಸರ್ಕಾರವನ್ನು ಅಂದದ್ದು’ ಎಂದರು. ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಹಾಕಿದೆವು: ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 700, ಅಂದಿನ ಆಂಧ್ರಕ್ಕೆ 800 ಟಿ.ಎಂ.ಸಿ. ಕೊಟ್ಟದ್ದು, 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಗೆ 519.6 ಮೀಟರ್ ಎತ್ತರ ಒಪ್ಪಿದ್ದು, 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿದ್ದು. ನನ್ನ ವಾದ ಅವರಿಗೆ ಒಪ್ಪಿಗೆಯಾಗಲಿಲ್ಲ, ಅವರದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಮಾತು ನಿಲ್ಲಲಿಲ್ಲ. ಮರುವರ್ಷ ಸೆಪ್ಟೆಂಬರ್ 1ರಂದು ಬುಡಮೇರು ಒಡೆದು ಸಿಂಗ್ ನಗರವೆಲ್ಲ ಕೆರೆಯಾದಾಗ, ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯೂಸೆಕ್ಕಿಗೂ ಹೆಚ್ಚು ನೀರು ಹರಿದಾಗ, ಕೆಳಮನೆಯ ನಮ್ಮನ್ನು ನಡುರಾತ್ರಿ ಮಹಡಿಗೆ ಹತ್ತಿಸಿಕೊಂಡು ನಾಲ್ಕು ದಿನ ಅನ್ನ ಹಾಕಿದವರು ಅವರೇ. ಅಂದು ಸಂಜೆ ನಾನು ಅವರನ್ನು ಕನ್ನಡದ್ವೇಷಿ ಎಂದು ಕರೆದು ಬಾಗಿಲು ಹಾಕಿಕೊಂಡಿದ್ದರೆ ಅವರು ಅನ್ನ ಹಾಕುತ್ತಿರಲಿಲ್ಲವೆಂದಲ್ಲ, ಹಾಕುತ್ತಿದ್ದರು. ಉಣ್ಣುವ ಮುಖ ನನಗಿರುತ್ತಿರಲಿಲ್ಲ.

ಇದರಿಂದ ನಾನು ಮಾಡಿಕೊಂಡ ಪರೀಕ್ಷೆಗಳು ಮೂರು. ಮೊದಲನೆಯದು, ಟೀಕೆ ಯಾರಿಂದ ಉತ್ತರ ಕೇಳುತ್ತಿದೆ? ಅಧಿಕಾರ ಇರುವವರಿಂದಲೋ, ಆ ಹೆಸರು ಹೊತ್ತ ನೆರೆಯವನಿಂದಲೋ? ನೆರೆಯವನ ಕೊರಳಪಟ್ಟಿಗೆ ಕೈ ಹಾಕಿದೊಡನೆ ವಿರೋಧ ದ್ವೇಷದ ಕಡೆ ಹೊರಳಿತು. ಎರಡನೆಯದು, ಟೀಕೆ ಒಂದು ಕೃತ್ಯವನ್ನು ಕುರಿತದ್ದೋ, ಒಂದು ಜನದ ಸ್ವಭಾವವನ್ನು ಕುರಿತದ್ದೋ? ‘ಈ ಅಣೆಕಟ್ಟು ತಪ್ಪು’ ಎಂಬುದು ಬೇರೆ, ‘ಆ ಜನವೇ ಹಾಗೆ’ ಎಂಬುದು ಬೇರೆ. ಕೃತ್ಯ ನಿಂತರೆ ಮೊದಲನೆಯದೂ ನಿಲ್ಲುತ್ತದೆ. ಎರಡನೆಯದು ಆ ಜನವೇ ಇಲ್ಲವಾಗುವವರೆಗೆ ನಿಲ್ಲದು. ಮೂರನೆಯದು ಟೀಕೆಗಲ್ಲ, ನಮ್ಮ ಪಟ್ಟಕ್ಕೆ ಸಂಬಂಧಿಸಿದ್ದು. ‘ದ್ವೇಷಿ’ ಎಂದ ಮೇಲೆ ಎದುರಿನವನಿಗೆ ಉತ್ತರ ಹೇಳಲು ಎಡೆ ಉಳಿದಿದೆಯೆ?

ಒಂದು ಆಕ್ಷೇಪ ಬರಬಹುದು. ‘ಲೋಕದಲ್ಲಿ ಇಷ್ಟು ಅನ್ಯಾಯಗಳಿರುವಾಗ ಇದೊಂದನ್ನೇ ಎತ್ತಿ ಆಡುವುದು ದ್ವೇಷವಲ್ಲವೆ?’ ಎಂದು. ಈ ಪ್ರಶ್ನೆಯಲ್ಲಿ ಹುರುಳಿದೆ. ಕಾರಣವಿಲ್ಲದೆ ಒಬ್ಬರನ್ನೇ ಗುರಿಮಾಡುವವರ ಮೇಲೆ ಸಂಶಯ ಸಹಜ. ಆದರೆ ಪೆಟ್ಟು ತಿಂದವನು ತನ್ನ ಪೆಟ್ಟನ್ನೇ ಹೇಳಿಕೊಳ್ಳುತ್ತಾನೆ. ದಿವಿಸೀಮೆಯ ರೈತ ಕೃಷ್ಣೆಯ ಮಾತೆತ್ತುವ ಮೊದಲು ನೈಲ್ ನದಿಯ ಹಂಚಿಕೆಯನ್ನು ಖಂಡಿಸಬೇಕಾಗಿಲ್ಲ. ಮನೆ ಕಳೆದುಕೊಂಡ ಗಾಜಾದ ತಾಯಿಯೂ ಅಷ್ಟೇ; ಮಗನನ್ನು ಕಳೆದುಕೊಂಡ ಇಸ್ರೇಲಿನ ತಾಯಿಯೂ ಅಷ್ಟೇ.

ಪಟ್ಟವನ್ನು ಅಗ್ಗವಾಗಿ ಹಂಚುವುದರಿಂದ ಟೀಕಿಸುವವನಿಗೆ ಬಾಯಿ ಕಟ್ಟುತ್ತದೆ. ಅದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ನಿಜವಾಗಿ ದ್ವೇಷಕ್ಕೆ ಗುರಿಯಾದವನದು. ಬಂದ ನಾಯಿಗೆಲ್ಲ ‘ತೋಳ ಬಂತು’ ಎಂದು ಕೂಗಿದ ಊರಿನಲ್ಲಿ ತೋಳ ಬಂದ ದಿನ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ. ನಾರಿಮನ್ ಹೌಸಿಗೆ ಆದದ್ದಕ್ಕೂ ಒಬ್ಬ ವಿದ್ಯಾರ್ಥಿಯ ಭಿತ್ತಿಪತ್ರಕ್ಕೂ ಒಂದೇ ಪದವಾದರೆ, ಕೊನೆಗೆ ನಾರಿಮನ್ ಹೌಸಿಗೇ ಪದವಿಲ್ಲದಂತಾಗುತ್ತದೆ.

ಮುಂದಿನ ಸಭೆಗೆ ನಾನು ಒಯ್ದ ಕಾಗದದಲ್ಲಿ ಇದ್ದದ್ದು ಇಷ್ಟೇ: ‘ಕನ್ನಡಿಗರೆಂಬ ಒಂದೇ ಕಾರಣಕ್ಕೆ ಕನ್ನಡಿಗರನ್ನು ಹೀಯಾಳಿಸುವವರನ್ನು, ಹೊಡೆಯಬೇಕು ಓಡಿಸಬೇಕು ಎನ್ನುವವರನ್ನು ಸಂಘ ತನ್ನ ವೇದಿಕೆಗೆ ಕರೆಯದು. ಕರ್ನಾಟಕ ಸರ್ಕಾರದ ನೀತಿಯನ್ನು ಟೀಕಿಸುವವರಿಗೆ ಅದೇ ವೇದಿಕೆಯಿಂದ ಸಂಘ ಉತ್ತರ ಹೇಳುವುದು. ಇದೇ ನಿಯಮ ತೆಲುಗರನ್ನೂ ತಮಿಳರನ್ನೂ ಕುರಿತು ಮಾತಾಡುವ ನಮ್ಮ ಸದಸ್ಯರಿಗೂ ಅನ್ವಯಿಸುವುದು.’ ಮೊದಲ ಎರಡು ವಾಕ್ಯಗಳಿಗೆ ತಲೆದೂಗಿದ ಸಮಿತಿ ಮೂರನೆಯದನ್ನು ಕೇಳಿ ಕೆಮ್ಮಿತು. ‘ಅದು ಯಾಕೆ ಸ್ವಾಮಿ?’ ಎಂದರು ಒಬ್ಬರು. ನಾನು ವಾಲ್ಟೇರಿನ ಪುಳಿಯೋಗರೆಯ ಕಥೆ ಹೇಳಿದೆ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಈಗಲೂ ಅದು ನಡಾವಳಿಯಲ್ಲಿ ‘ಪರಿಶೀಲನೆಯಲ್ಲಿದೆ.’ ಕಚೇರಿಯ ಭಾಷೆಯಲ್ಲಿ ಇದರ ಅರ್ಥವೇನೆಂದು ನನಗೆ ಗೊತ್ತು.

ಆದರೂ ಬೇಸರವಿಲ್ಲ. ಈ ಸಲದ ರಾಜ್ಯೋತ್ಸವಕ್ಕೆ ಅದೇ ತೆಲುಗು ಹಿರಿಯರನ್ನು ಕರೆಯಬೇಕೆಂದೂ, ಅವರ ಮಾತಾದ ಮೇಲೆ ಕೃಷ್ಣೆಯ ಬಗ್ಗೆ ಬಾಗಲಕೋಟೆಯ ಕಡೆಯ ಒಬ್ಬರು ಹದಿನೈದು ನಿಮಿಷ ಮಾತಾಡಬೇಕೆಂದೂ ನಾನು ಸೂಚಿಸಿದ್ದೇನೆ. ಹೋಳಿಗೆಯಂತೂ ಇಬ್ಬರಿಗೂ ಇದ್ದೇ ಇರುತ್ತದೆ. ಓದುಗರ ಅಭಿಪ್ರಾಯವನ್ನು, ವಿರೋಧವಿದ್ದರೆ ಮುಖ್ಯವಾಗಿ ಅದನ್ನು, ಸಂಪಾದಕರಿಗೆ ಬರೆದು ಕಳಿಸಿದರೆ ಸಂತೋಷ.